ರೆಸ್ಯೂಮೆಯನ್ನು ತಿರಸ್ಕರಿಸುತ್ತಿರುವುದು ಯಂತ್ರವೇ? ಮೂಡಿಗೆರೆಯ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ತಾಲ್ಲೂಕು. ಚಿಕ್ಕಮಗಳೂರಿನ ಎಐಟಿಯಲ್ಲಿ 2023ರಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿ, ಹಾಸನದ ಒಂದು ಸಣ್ಣ ಕಂಪನಿಯಲ್ಲಿ ಆಗಸ್ಟ್ 2023ರಿಂದ ಮಾರ್ಚ್ 2025ರವರೆಗೆ ಕೆಲಸ ಮಾಡಿದೆ. ನನಗೆ ಬರುವ ತಂತ್ರಜ್ಞಾನಗಳು ಜಾವಾ, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯುಎಲ್. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಕಾಫಿ ಬೀಜ ಸಂಸ್ಕರಿಸುವ ಘಟಕಗಳಿಗೆ) ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಸುಗ್ಗಿ ಕಾಲದಲ್ಲಿ ಲೋಡು ತೂಗುವ ವೇಬ್ರಿಡ್ಜ್ ಹತ್ತಿರ ನೆಟ್ ಹೋದಾಗ ಆಪರೇಟರ್ ಎರಡೆರಡು ಸಲ ಸೇವ್ ಒತ್ತಿ, ಒಂದೇ ಲೋಡು ಎರಡು ಸಲ ಎಂಟ್ರಿ ಆಗುತ್ತಿತ್ತು. ಅದನ್ನು ಸರಿಮಾಡಿದ್ದು ನಾನೇ. ಲಾಟ್‌ವಾರು ಸ್ಟಾಕ್ ರಿಪೋರ್ಟ್ ತೆರೆಯಲು ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು, ಅದನ್ನು ಮೂರ್ನಾಲ್ಕು ಸೆಕೆಂಡಿಗೆ ಇಳಿಸಿದೆ. ಆಮೇಲೆ ಕಂಪನಿಗೆ ಪ್ರಾಜೆಕ್ಟ್ ಸಿಗದೆ ನಮ್ಮನ್ನೆಲ್ಲ ಬಿಟ್ಟುಕಳಿಸಿದರು. ಆಗಿನಿಂದ ದಿನಾ ಅಪ್ಲೈ ಮಾಡುತ್ತಿದ್ದೇನೆ. ಕೆಲವು ಕಡೆ ಹತ್ತೇ ನಿಮಿಷದಲ್ಲಿ ರಿಜೆಕ್ಟ್ ಮೇಲ್ ಬರುತ್ತದೆ, ಹೆಚ್ಚಿನ ಕಡೆ ಉತ್ತರವೇ ಇಲ್ಲ. ಒಂದು ವೆಬ್‌ಸೈಟ್ ನನ್ನ ರೆಸ್ಯೂಮೆಗೆ 42 ಅಂಕ ಕೊಟ್ಟಿತು. 4,999 ರೂಪಾಯಿ ಕೊಟ್ಟರೆ ಎಟಿಎಸ್ (ಕಂಪನಿಗಳ ಅರ್ಜಿ ನಿರ್ವಹಣೆಯ ಸಾಫ್ಟ್‌ವೇರ್) ಪಾಸಾಗುವ ರೆಸ್ಯೂಮೆ ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಜಾಬ್ ಡಿಸ್ಕ್ರಿಪ್ಶನ್ ಪೂರ್ತಿ ಬಿಳಿ ಅಕ್ಷರದಲ್ಲಿ ಕೆಳಗೆ ಅಂಟಿಸು, ಕಣ್ಣಿಗೆ ಕಾಣದಿದ್ದರೂ ಯಂತ್ರ ಓದುತ್ತದೆ ಎನ್ನುತ್ತಾರೆ ಸೀನಿಯರ್ ಒಬ್ಬರು. ಇನ್ನೊಬ್ಬರು ಮೂರು ವರ್ಷ ಅನುಭವ ಎಂದು ಹಾಕು ಎನ್ನುತ್ತಾರೆ. ರೆಸ್ಯೂಮೆ ಲಗತ್ತಿಸಿದ್ದೇನೆ. ನಾನು ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಒಳಗಿರುವ ಭಯ ಒಂದೇ. ನನ್ನ ರೆಸ್ಯೂಮೆಯನ್ನು ಮನುಷ್ಯರು ಯಾರೂ ನೋಡುತ್ತಲೇ ಇಲ್ಲ, ಯಂತ್ರವೇ ಬಾಗಿಲಿನಿಂದ ವಾಪಸ್ ಕಳಿಸುತ್ತಿದೆ ಎನ್ನುವುದು ಆ ಭಯ. ಅದು ಅರ್ಧ ನಿಜ. ಯಾವ ಅರ್ಧ ಎಂಬುದನ್ನು ವಿವರಿಸುತ್ತೇನೆ. ಅದಕ್ಕೆ ಮುಂಚೆ, ಇವತ್ತೇ ತೀರ್ಮಾನ ಆಗಬೇಕಾದ ಮೂರು ವಿಷಯ ಹೇಳಿಬಿಡುತ್ತೇನೆ: 4,999 ರೂಪಾಯಿ ಕೊಡಬೇಡಿ, ಬಿಳಿ ಅಕ್ಷರದ ಉಪಾಯ ಬೇಡ, ಮೂರು ವರ್ಷ ಎಂದು ಯಾವ ಕಾರಣಕ್ಕೂ ಬರೆಯಬೇಡಿ.

ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಎಂದರೆ ಕಂಪನಿಗಳು ಅರ್ಜಿಗಳನ್ನು ಸ್ವೀಕರಿಸಿ, ಜೋಡಿಸಿಟ್ಟು, ಯಾರು ಯಾವ ಹಂತದಲ್ಲಿದ್ದಾರೆ ಎಂದು ಗುರುತು ಹಾಕಿಕೊಳ್ಳುವ ಸಾಫ್ಟ್‌ವೇರ್. ವರ್ಕ್‌ಡೇ, ಗ್ರೀನ್‌ಹೌಸ್, ಲೆವರ್, ಒರಾಕಲ್‌ನ ಟ್ಯಾಲಿಯೊ, ನಮ್ಮಲ್ಲಿಯ ಜೋಹೋ ರಿಕ್ರೂಟ್, ಡಾರ್ವಿನ್‌ಬಾಕ್ಸ್ ಎಲ್ಲ ಈ ಜಾತಿಯವೇ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಎಎ, ಎ, ಬಿ ಎಂದು ಬೇರೆ ಮಾಡುವ ಜರಡಿಯನ್ನು ನೀವು ನೋಡಿದ್ದೀರಿ. ಎಟಿಎಸ್ ಕೂಡ ಅಂಥದ್ದೊಂದು ಜರಡಿ, ತೂತಿಗಿಂತ ಸಣ್ಣವರು ಕೆಳಗೆ ಬೀಳುತ್ತಾರೆ ಎಂದು ಹುಡುಗರು ತಿಳಿದಿದ್ದಾರೆ. ನಿಜಕ್ಕೂ ಅದು ಗೋದಾಮಿನ ಲೆಕ್ಕದ ಪುಸ್ತಕಕ್ಕೆ ಹತ್ತಿರ. ಚೀಲ ಎಲ್ಲೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಅದರ ಮೇಲಿನ ಗುರುತು ಅಳಿಸಿಹೋಗಿದ್ದರೆ ಬೇಕಾದಾಗ ಯಾರ ಕೈಗೂ ಸಿಗುವುದಿಲ್ಲ, ಅಷ್ಟೆ.

ನೂರರಲ್ಲಿ 75 ರೆಸ್ಯೂಮೆಗಳನ್ನು ಯಂತ್ರವೇ ಕಸಕ್ಕೆ ಹಾಕುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ವರ್ಷಗಳಿಂದ ಓಡಾಡುತ್ತಿರುವ ಆ ಅಂಕಿಗೆ ನಂಬಬಹುದಾದ ಅಧ್ಯಯನದ ಆಧಾರವಿಲ್ಲ. ರೆಸ್ಯೂಮೆ ರಿಪೇರಿಯ ವ್ಯಾಪಾರ ಮಾಡುವವರಿಗೆ ಅದರಿಂದ ಅನುಕೂಲ, ಹಾಗಾಗಿ ಅದು ಸಾಯುತ್ತಿಲ್ಲ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೇಮಕಾತಿಯ ಮೇಜಿನ ಆ ಕಡೆ ಕೂತು ಕೆಲಸ ಮಾಡಿದವನು. ರೆಸ್ಯೂಮೆಯ ಫಾಂಟು ಸರಿಯಿಲ್ಲ, ಕೀವರ್ಡ್ ಕಡಿಮೆಯಿದೆ ಎಂದು ಸಾಫ್ಟ್‌ವೇರ್ ತಾನಾಗಿ ಯಾರನ್ನೋ ತೆಗೆದುಹಾಕಿದ್ದನ್ನು ಅಲ್ಲಿ ನೋಡಲಿಲ್ಲ. ನಾವು ಪಟ್ಟಿ ತೆರೆದು ಮೇಲಿನಿಂದ ನೋಡುತ್ತಾ ಬರುತ್ತಿದ್ದೆವು. ಇಂಟರ್‌ವ್ಯೂಗೆ ಸಾಕಾಗುವಷ್ಟು ಜನ ಸಿಕ್ಕಿದ ಕೂಡಲೇ ಕೆಳಗಿನವರನ್ನು ತೆರೆಯುತ್ತಲೇ ಇರಲಿಲ್ಲ. ನಿಮಗೆ ಉತ್ತರವೇ ಬಾರದ ಅರ್ಜಿಗಳಲ್ಲಿ ಬಹುಪಾಲು ಹೀಗೆ ತೆರೆಯದೆ ಉಳಿದಿರಬೇಕು. ಅದಕ್ಕೇ ಮೊದಲ ಒಂದೆರಡು ದಿನದಲ್ಲಿ ಅರ್ಜಿ ಹಾಕಿದವರಿಗೂ ಹತ್ತನೇ ದಿನ ಹಾಕಿದವರಿಗೂ ಅಷ್ಟು ವ್ಯತ್ಯಾಸ. ಜಾಬ್ ಅಲರ್ಟ್ ಇಟ್ಟುಕೊಂಡು ಹೊಸ ಹುದ್ದೆಗೆ ಅಂದೇ ಹಾಕಿ. ಮೂರು ವಾರದ ಹಳೆಯದಕ್ಕೆ ಶ್ರಮ ಖರ್ಚು ಮಾಡಬೇಡಿ.

ಇನ್ನು ಹತ್ತು ನಿಮಿಷದಲ್ಲಿ ಬಂದ ರಿಜೆಕ್ಟ್ ಮೇಲ್. ಅದು ಯಂತ್ರದ ಕೆಲಸವೇ, ಅನುಮಾನವಿಲ್ಲ. ಆದರೆ ಅಲ್ಲಿ ಸೋತದ್ದು ಬಹುಮಟ್ಟಿಗೆ ರೆಸ್ಯೂಮೆಯಲ್ಲ, ಅದರ ಜೊತೆ ನೀವು ತುಂಬಿದ ಫಾರಂ. ಜಾವಾದಲ್ಲಿ ಎಷ್ಟು ವರ್ಷ ಅನುಭವ, ನೋಟಿಸ್ ಪೀರಿಯಡ್ ಎಷ್ಟು, ಈಗ ಯಾವ ಊರಲ್ಲಿದ್ದೀರಿ, ಯಾವ ವರ್ಷದ ಬ್ಯಾಚ್, ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ 60% ಇದೆಯೇ, ಬ್ಯಾಕ್‌ಲಾಗ್ ಉಳಿದಿದೆಯೇ ಎಂಬ ಪ್ರಶ್ನೆಗಳಲ್ಲಿ ಕೆಲವಕ್ಕೆ ಕಂಪನಿಯವರು ಕಡ್ಡಾಯ ಎಂದು ಗುರುತು ಹಾಕಿರುತ್ತಾರೆ. ಉತ್ತರ ಹೊಂದದಿದ್ದರೆ ವ್ಯವಸ್ಥೆ ತಾನಾಗಿ ಮೇಲ್ ಕಳಿಸುತ್ತದೆ. ರೆಸ್ಯೂಮೆ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ನಿಜವಾದ ತೊಡಕು ಇರುವುದು ಇಲ್ಲೇ. ಫ್ರೆಷರ್ ಡ್ರೈವ್‌ಗಳು ಹೆಚ್ಚಾಗಿ ಕೇಳುವುದು ಆ ವರ್ಷದ ಅಥವಾ ಹಿಂದಿನ ವರ್ಷದ ಬ್ಯಾಚು. 2023ರವರು ಅಲ್ಲಿ ಹೊರಗೆ. ಅನುಭವಿಗಳ ಹುದ್ದೆಗಳು ಹೆಚ್ಚಾಗಿ ಕೇಳುವುದು ಎರಡು ಅಥವಾ ಮೂರು ವರ್ಷ. ನಿಮ್ಮದು ಒಂದು ವರ್ಷ ಎಂಟು ತಿಂಗಳು, ಅಲ್ಲೂ ಹೊರಗೆ. ಎರಡು ಬಾಗಿಲುಗಳ ನಡುವಿನ ಈ ಜಾಗದಲ್ಲಿ ನಿಂತವರು ಅದನ್ನು ರೆಸ್ಯೂಮೆಯ ದೋಷ ಎಂದು ತಿಳಿದು ಹತ್ತಾರು ಸಲ ಬಣ್ಣ ಬದಲಾಯಿಸುತ್ತಾರೆ. ನೀವು 0–2 ವರ್ಷ, 1–3 ವರ್ಷ ಎಂದು ಬರೆದ ಹುದ್ದೆಗಳನ್ನು ಹುಡುಕಿ ಹಾಕಿದರೆ ಆ ಹತ್ತು ನಿಮಿಷದ ಮೇಲ್‌ಗಳು ಬಹಳ ಮಟ್ಟಿಗೆ ನಿಲ್ಲುತ್ತವೆ. ಶೇಕಡಾವಾರು ಕೇಳಿದರೆ ನಿಮ್ಮ ಸ್ಕೀಮಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹೇಳಿರುವ ಸೂತ್ರದಿಂದಲೇ ಸಿಜಿಪಿಎ ಬದಲಾಯಿಸಿ ಹಾಕಿ. 59.6 ಇದ್ದರೆ 60 ಎಂದು ಮೇಲಕ್ಕೆ ಏರಿಸಬೇಡಿ, ಮಾರ್ಕ್ಸ್ ಕಾರ್ಡ್ ಕೇಳಿದ ದಿನ ಅದೊಂದೇ ಸಾಕು ಆಫರ್ ರದ್ದಾಗಲು.

ಯಂತ್ರ ತೂಗುವುದೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಹುದ್ದೆಯ ವಿವರಕ್ಕೂ ರೆಸ್ಯೂಮೆಗೂ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿ ಪಟ್ಟಿಯ ಕ್ರಮ ಬದಲಿಸುವ ವ್ಯವಸ್ಥೆಗಳು ಈಗ ಇವೆ, ಹೆಚ್ಚುತ್ತಲೂ ಇವೆ. ಅವು ತಪ್ಪು ಮಾಡುತ್ತವೆ. ಅಮೆಜಾನ್ ಪ್ರಯೋಗಕ್ಕೆಂದು ಕಟ್ಟಿದ್ದ ಇಂಥದೊಂದು ಸಾಧನ ಹೆಂಗಸರ ರೆಸ್ಯೂಮೆಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು, ಅದಕ್ಕೇ ಅದನ್ನು ಕೈಬಿಟ್ಟರು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ವರ್ಕ್‌ಡೇ ಸಾಫ್ಟ್‌ವೇರ್ ವಯಸ್ಸಾದವರಿಗೆ ತಾರತಮ್ಯ ಮಾಡುತ್ತದೆ ಎಂಬ ದಾವೆ 2023ರಿಂದ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿದೆ. ನ್ಯೂಯಾರ್ಕ್ ನಗರ ಇಂಥ ಸಾಧನಗಳಿಗೆ ಪಕ್ಷಪಾತದ ಆಡಿಟ್ ಕಡ್ಡಾಯ ಮಾಡಿ 2023ರ ಜುಲೈನಿಂದ ಜಾರಿಗೆ ತಂದಿದೆ. ಹಾಗಾಗಿ ನಿಮ್ಮ ಆತಂಕ ಹುಚ್ಚು ಆತಂಕವೇನಲ್ಲ. ಆದರೆ ಆ ತೂಗುವ ಯಂತ್ರಕ್ಕೂ ಬೇಕಾದ್ದು ಮನುಷ್ಯರಿಗೆ ಬೇಕಾದ್ದೇ: ಓದಲು ಬರುವ ಅಕ್ಷರ, ಹುದ್ದೆಗೆ ಸಂಬಂಧಪಟ್ಟ ಪದ, ಅದನ್ನು ಮಾಡಿದ್ದಕ್ಕೆ ಪುರಾವೆ.

ಈಗ ನಿಮ್ಮ ರೆಸ್ಯೂಮೆ. ಬಣ್ಣದ ಎಡಪಟ್ಟಿ, ಮೂಲೆಯಲ್ಲಿ ಫೋಟೊ, ಪ್ರತಿ ಸ್ಕಿಲ್ ಮುಂದೆ ಐದು ಚುಕ್ಕಿಗಳಲ್ಲಿ ನಾಲ್ಕು ತುಂಬಿದ ಅಲಂಕಾರ. ಕಣ್ಣಿಗೆ ಚೆನ್ನಾಗಿದೆ. ನಾನು ಅದನ್ನು ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿದೆ. ಬಂದದ್ದು ಹೀಗೆ: ‘ಜಾವಾ ಎಕ್ಸಿಕ್ಯುಟಿವ್ ಟ್ರೈನಿ ಮೈಎಸ್‌ಕ್ಯುಎಲ್ ಹಾಸನ 2023 ಕನ್ನಡ ಸ್ಪ್ರಿಂಗ್ 25 ಬೂಟ್ ಎಐಟಿ ಇಂಗ್ಲಿಷ್’. ಎರಡು ಕಾಲಂಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಫೋನ್ ನಂಬರ್ ಚಿತ್ರದ ಭಾಗವಾಗಿರುವುದರಿಂದ ಬರಲೇ ಇಲ್ಲ. ಸ್ಪ್ರಿಂಗ್ ಒಂದು ಕಡೆ, ಬೂಟ್ ಇನ್ನೊಂದು ಕಡೆ. ಎಟಿಎಸ್ ರೆಸ್ಯೂಮೆಯಿಂದ ಪಠ್ಯ ಎಳೆದು ಹೆಸರು, ಫೋನು, ಕಂಪನಿ, ದಿನಾಂಕ ಎಂದು ಖಾನೆಗಳಿಗೆ ಹಾಕುವಾಗ ಅದಕ್ಕೆ ಸಿಗುವುದು ಹೆಚ್ಚುಕಡಿಮೆ ಇದೇ. ಸ್ಪ್ರಿಂಗ್ ಬೂಟ್ ಎಂದು ಹುಡುಕಿದವರಿಗೆ ನೀವು ಕಾಣದೇ ಇರಬಹುದು, ಕಂಡರೂ ಫೋನ್ ಮಾಡಲು ನಂಬರ್ ಇಲ್ಲ.

ಇದಕ್ಕೆ ಪರಿಹಾರ ಒಂದು ಸಂಜೆಯ ಕೆಲಸ. ವರ್ಡ್‌ನಲ್ಲೋ ಗೂಗಲ್ ಡಾಕ್ಸ್‌ನಲ್ಲೋ ಖಾಲಿ ಪುಟ ತೆಗೆದು ಒಂದೇ ಕಾಲಂನಲ್ಲಿ ಬರೆಯಿರಿ. ಟೇಬಲ್, ಟೆಕ್ಸ್ಟ್ ಬಾಕ್ಸ್, ಐಕಾನ್, ಚುಕ್ಕಿ ಏನೂ ಬೇಡ. ಹೆಸರು, ಫೋನು, ಇಮೇಲನ್ನು ಪುಟದ ಒಳಗೇ ಮೇಲ್ಗಡೆ ಇಡಿ, ವರ್ಡ್‌ನ ಹೆಡರ್ ಜಾಗದಲ್ಲಲ್ಲ, ಏಕೆಂದರೆ ಕೆಲವು ವ್ಯವಸ್ಥೆಗಳು ಹೆಡರ್ ಓದುವುದಿಲ್ಲ. ತಲೆಬರಹಗಳು ಎಲ್ಲರಿಗೂ ಗೊತ್ತಿರುವವೇ ಇರಲಿ: ಎಕ್ಸ್‌ಪೀರಿಯೆನ್ಸ್, ಸ್ಕಿಲ್ಸ್, ಪ್ರಾಜೆಕ್ಟ್ಸ್, ಎಜುಕೇಶನ್. ‘ಮೈ ಜರ್ನಿ’ ಥರದ್ದು ಬೇಡ. ತಿಂಗಳು, ವರ್ಷ ಎರಡೂ ಬರೆಯಿರಿ. ಬರೀ 2023–25 ಎಂದರೆ ಅದು ಒಂದು ವರ್ಷದಿಂದ ಮೂರು ವರ್ಷದವರೆಗೆ ಏನಾದರೂ ಆಗಬಹುದು, ಅನುಭವ ಎಷ್ಟು ಎಂದು ಲೆಕ್ಕ ಹಾಕುವುದು ಈ ದಿನಾಂಕಗಳಿಂದಲೇ. ಆಮೇಲೆ ಪಿಡಿಎಫ್ ಮಾಡಿ ಮತ್ತೆ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಮೇಲಿಂದ ಕೆಳಗೆ ಓದಿಕೊಂಡು ಹೋಗುವಂತಿದ್ದರೆ ಯಂತ್ರದ ಮಟ್ಟಿಗೆ ನಿಮ್ಮ ಕೆಲಸ ಮುಗಿಯಿತು. ವರ್ಡ್ ಫೈಲೋ ಪಿಡಿಎಫ್ಫೋ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ಫಾರಂ ಏನು ಕೇಳುತ್ತದೋ ಅದನ್ನು ಕೊಡಿ, ಎರಡರಲ್ಲಿ ಯಾವುದಾದರೂ ಆಗುತ್ತದೆ ಎಂದರೆ ಪಿಡಿಎಫ್.

ಓವರ್‌ಲೀಫ್‌ನಲ್ಲಿ ಲೇಟೆಕ್ ಎಂಬ ಅಕ್ಷರ ಜೋಡಣೆಯ ಸಾಧನ ಬಳಸಿ ರೆಸ್ಯೂಮೆ ಮಾಡುವ ಗೆಳೆಯರಿದ್ದರೆ ಅವರಿಗೂ ಇದೇ ಪರೀಕ್ಷೆ ಹೇಳಿ. ಕೆಲವು ಟೆಂಪ್ಲೇಟ್‌ಗಳಲ್ಲಿ ಇಂಗ್ಲಿಷಿನ ಎಫ್ ಮತ್ತು ಐ ಅಕ್ಷರಗಳು ಒಂದೇ ಅಚ್ಚಾಗಿ ಕೂಡಿಕೊಳ್ಳುತ್ತವೆ. ಕಾಪಿ ಮಾಡಿದಾಗ ‘ಕಾನ್ಫಿಗರೇಶನ್’, ‘ಸರ್ಟಿಫೈಡ್’ ಥರದ ಪದಗಳ ನಡುವೆ ತೂತು ಬಿದ್ದಿರುತ್ತದೆ.

ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ, ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಹುಡುಗರ ರೆಸ್ಯೂಮೆಗಳಲ್ಲಿ ಈಗಲೂ ನೋಡುತ್ತಿದ್ದೇನೆ. ತಂದೆಯ ಹೆಸರು, ಹುಟ್ಟಿದ ದಿನ, ಮದುವೆಯಾಗಿದೆಯೋ ಇಲ್ಲವೋ, ಅಂಚೆ, ಹೋಬಳಿ, ತಾಲ್ಲೂಕು ಸಮೇತ ವಿಳಾಸ, ಕೊನೆಯಲ್ಲಿ ‘ಮೇಲಿನ ಮಾಹಿತಿ ಸತ್ಯ’ ಎಂಬ ಡಿಕ್ಲರೇಶನ್, ಸ್ಥಳ, ದಿನಾಂಕ, ಸಹಿ. ಬಯೋಡೇಟಾ ಕಾಲದಿಂದ ಬಂದದ್ದು. ಜಾಗ ತಿನ್ನುತ್ತದೆ ಎನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಸಹಿ. ಸಹಿ ಬೇಕೆಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಪೆನ್ನಿನಲ್ಲಿ ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿಸಿ ಅದೇ ಪಿಡಿಎಫ್ಫನ್ನು ಎಲ್ಲ ಕಡೆ ಹಾಕುತ್ತಾರೆ. ಅದು ಬರೀ ಫೋಟೊ, ಒಳಗೆ ಒಂದು ಅಕ್ಷರವೂ ಇರುವುದಿಲ್ಲ. ಕೆಲವು ವ್ಯವಸ್ಥೆಗಳು ಚಿತ್ರದಿಂದ ಅಕ್ಷರ ಗುರುತಿಸಬಲ್ಲವು, ಆದರೆ ಅದನ್ನು ನಂಬಿ ಕೂರುವಂತಿಲ್ಲ. ನಿಮ್ಮದರಲ್ಲಿ ಸ್ಕ್ಯಾನ್ ಇಲ್ಲ, ಡಿಕ್ಲರೇಶನ್ ಮಾತ್ರ ಇದೆ. ಅದನ್ನೂ ಫೋಟೊವನ್ನೂ ತೆಗೆಯಿರಿ. ವಿಳಾಸದ ಜಾಗದಲ್ಲಿ ‘ಚಿಕ್ಕಮಗಳೂರು, ಬೆಂಗಳೂರಿಗೆ ಬರಲು ಸಿದ್ಧ’ ಎಂಬರ್ಥದ ಒಂದು ಸಾಲು ಸಾಕು.

ಹೆಸರಿನ ವಿಷಯವೂ ನಮ್ಮ ಕಡೆಯವರಿಗೆ ವಿಶೇಷ. ನಿಮ್ಮ ಹೆಸರಿನ ಹಿಂದೆ ಎರಡು ಇನಿಶಿಯಲ್ ಇವೆ, ಒಂದು ಊರಿನದು, ಒಂದು ತಂದೆಯದು. ರೆಸ್ಯೂಮೆ ಅಪ್‌ಲೋಡ್ ಆದಮೇಲೆ ಫಾರಂ ತಾನಾಗಿ ತುಂಬಿಕೊಳ್ಳುವಾಗ ಇನಿಶಿಯಲ್ ಫಸ್ಟ್ ನೇಮ್ ಆಗಿ, ಹೆಸರು ಲಾಸ್ಟ್ ನೇಮ್ ಆಗಿ ಕೂರುವುದುಂಟು. ಪ್ರತಿ ಸಲ ಕಣ್ಣಾಡಿಸಿ ಸರಿಮಾಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಅದೇ ರೂಪ ರೆಸ್ಯೂಮೆಯಲ್ಲೂ ಪೋರ್ಟಲ್‌ಗಳಲ್ಲೂ ಇರಲಿ. ಮುಂದೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಮೊದಲು ತಾಳೆ ನೋಡುವುದು ಅದನ್ನೇ.

ಕಾಲೇಜಿನ ಹೆಸರನ್ನು ಎಐಟಿ ಎಂದಷ್ಟೇ ಬರೆದಿದ್ದೀರಿ. ಚಿಕ್ಕಮಗಳೂರಿನಲ್ಲಿ ಅದು ಸಾಕು. ಬೆಂಗಳೂರಿನಲ್ಲಿ ಕೂತವರಿಗೆ ಎಐಟಿ ಎಂದರೆ ಅಲ್ಲಿಯ ಆಚಾರ್ಯ ಕಾಲೇಜೂ ಆಗಬಹುದು, ಪುಣೆಯವರಿಗೆ ಆರ್ಮಿ ಇನ್‌ಸ್ಟಿಟ್ಯೂಟೂ ಆಗಬಹುದು. ಆದಿಚುಂಚನಗಿರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಚಿಕ್ಕಮಗಳೂರು, ವಿಟಿಯು ಎಂದು ಪೂರ್ತಿ ಬರೆಯಿರಿ. ಹಾಸನದಲ್ಲಿ ಎಂಸಿಇ ಎಂದು ಬಿಡುವವರಿಗೂ ಇದೇ ಮಾತು.

ಓದಲು ಬಂದಮೇಲೆ ಹುಡುಕಿದಾಗ ಸಿಗಬೇಕು. ರಿಕ್ರೂಟರ್ (ಕಂಪನಿಗೆ ಜನರನ್ನು ಹುಡುಕುವವರು) ಹುಡುಕುವುದು ಜಾವಾ, ಜೊತೆಗೆ ಸ್ಪ್ರಿಂಗ್ ಬೂಟ್, ಜೊತೆಗೆ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್, ಅನುಭವ 1ರಿಂದ 3, ಊರು ಬೆಂಗಳೂರು ಎಂದು. ಆ ಪದಗಳು ನಿಮ್ಮಲ್ಲಿ ಅದೇ ಕಾಗುಣಿತದಲ್ಲಿ ಇರಬೇಕು. ನೀವು ‘ಜೆಎಸ್’ ಎಂದು ಬರೆದಿದ್ದೀರಿ, ಅವರು ಜಾವಾಸ್ಕ್ರಿಪ್ಟ್ ಎಂದು ಹುಡುಕುತ್ತಾರೆ. ‘ವೆಬ್ ಸರ್ವಿಸಸ್’ ಎಂದಿದ್ದೀರಿ, ಅವರು ರೆಸ್ಟ್ ಎಪಿಐ ಎನ್ನುತ್ತಾರೆ. ಕ್ಲೌಡ್ ಸೇವೆಯಾದರೆ ಪೂರ್ಣ ಹೆಸರನ್ನೂ ಸಂಕ್ಷೇಪವನ್ನೂ ಒಂದೊಂದು ಸಲ ಬರೆಯಿರಿ. ಗಿಟ್, ಮೇವನ್, ಜೆಯೂನಿಟ್ ಬಳಸಿದ್ದರೆ ಸೇರಿಸಿ. ಬಳಸದ್ದನ್ನು ಮಾತ್ರ ಸೇರಿಸಬೇಡಿ. ಕಾಫ್ಕಾ (ಡೇಟಾ ಸಾಗಿಸುವ ಸಾಫ್ಟ್‌ವೇರ್) ಎಂದು ಬರೆದಿದ್ದೀರಿ, ಪತ್ರದಲ್ಲಿ ಅದರ ಸುಳಿವೇ ಇಲ್ಲ. ಟ್ಯುಟೋರಿಯಲ್ ನೋಡಿದ್ದಷ್ಟೇ ಆದರೆ ತೆಗೆಯಿರಿ. ಇಂಟರ್‌ವ್ಯೂ ಮಾಡುವವರು ಮೊದಲು ಹಿಡಿಯುವುದೇ ಅಂಥ ಪದವನ್ನು.

ನೌಕ್ರಿ ಎಂಬ ಜಾಬ್ ಪೋರ್ಟಲಿನ ಪ್ರೊಫೈಲನ್ನು ನೀವು ಮರೆತಿದ್ದೀರಿ ಎಂದು ಕಾಣುತ್ತದೆ. ನಮ್ಮ ದೇಶದಲ್ಲಿ ರಿಕ್ರೂಟರ್‌ಗಳು ಬಂದ ಅರ್ಜಿಗಳನ್ನಷ್ಟೇ ನೋಡುತ್ತಾ ಕೂರುವುದಿಲ್ಲ, ತಾವೇ ಹೋಗಿ ಅಲ್ಲಿ ಹುಡುಕುತ್ತಾರೆ. ಹುಡುಕುವಾಗ ಇತ್ತೀಚೆಗೆ ಯಾರು ಸಕ್ರಿಯರಾಗಿದ್ದಾರೆ, ಯಾರು ಬೇಗ ಸೇರಬಲ್ಲರು ಎಂದು ಸೋಸುತ್ತಾರೆ. ಈಗ ಕೆಲಸದಲ್ಲಿಲ್ಲ ಎನ್ನುವುದನ್ನು ನೀವು ಅವಮಾನ ಎಂದುಕೊಂಡಿದ್ದೀರಿ. ಮೂರು ತಿಂಗಳ ನೋಟಿಸ್ ಇರುವವರ ನಡುವೆ ನಾಳೆಯೇ ಸೇರುತ್ತೇನೆ ಎನ್ನುವವರಿಗೆ ಬೆಲೆಯಿದೆ. ನೋಟಿಸ್ ಪೀರಿಯಡ್ ಜಾಗದಲ್ಲಿ ತಕ್ಷಣ ಎಂದು ಹಾಕಿ. ಬೇಕಾದ ಊರುಗಳಲ್ಲಿ ಬೆಂಗಳೂರಿನ ಜೊತೆ ಮೈಸೂರು, ಮಂಗಳೂರು ಸೇರಿಸಿ, ಎರಡು ಕಡೆಯೂ ಸಾಫ್ಟ್‌ವೇರ್ ಕಂಪನಿಗಳಿವೆ, ಮನೆಗೂ ಹತ್ತಿರ.

ಇಷ್ಟೂ ಯಂತ್ರದ ಮಾತು. ನನಗೆ ಇದಕ್ಕಿಂತ ಹೆಚ್ಚು ಬೇಸರ ತಂದದ್ದು ಬೇರೆ. ನಿಮ್ಮ ರೆಸ್ಯೂಮೆಯಲ್ಲಿ ಹಾಸನದ ಕೆಲಸದ ಬಗ್ಗೆ ಎರಡೇ ಸಾಲಿದೆ: ಬ್ಯಾಕೆಂಡ್ ಮಾಡ್ಯೂಲ್‌ಗಳ ಅಭಿವೃದ್ಧಿ ಹಾಗೂ ನಿರ್ವಹಣೆಯ ಜವಾಬ್ದಾರಿ, ಬಗ್ ಫಿಕ್ಸಿಂಗ್. ನನ್ನ ಮುಂದೆ ಬರುತ್ತಿದ್ದ ರೆಸ್ಯೂಮೆಗಳಲ್ಲಿ ಬಹುಪಾಲು ಇದೇ ಸಾಲು. ಆದರೆ ಪರಿಚಯವೇ ಇಲ್ಲದ ನನಗೆ ಬರೆದ ಪತ್ರದಲ್ಲಿ ನೀವು ವೇಬ್ರಿಡ್ಜ್ ಕಥೆ ಹೇಳಿದ್ದೀರಿ, ಸ್ಟಾಕ್ ರಿಪೋರ್ಟ್ ಕಥೆ ಹೇಳಿದ್ದೀರಿ. ಕೆಲಸ ಕೊಡಿಸಬಲ್ಲ ಮಾತುಗಳು ಅವು. ಅವನ್ನು ಬಿಟ್ಟು, ಯಾರಾದರೂ ಬರೆಯಬಹುದಾದ ಸಾಲನ್ನು ರೆಸ್ಯೂಮೆಗೆ ಹಾಕಿದ್ದೀರಿ.

ವೇಬ್ರಿಡ್ಜ್ ಸಂಗತಿಯನ್ನೇ ನೋಡಿ. ನೆಟ್ ಹೋದಾಗ ಅದೇ ವಿನಂತಿ ಎರಡು ಸಲ ಬರುವುದು, ಎರಡು ಸಲ ದಾಖಲಾಗದಂತೆ ತಡೆಯುವುದು ಬ್ಯಾಂಕ್ ಪೇಮೆಂಟ್ ಬರೆಯುವವರಿಗೂ ಇರುವ ತೊಡಕು. ದೊಡ್ಡ ಕಂಪನಿಗಳ ಇಂಟರ್‌ವ್ಯೂನಲ್ಲಿ ಐಡೆಂಪೊಟೆನ್ಸಿ ಎಂಬ ಹೆಸರಿನಲ್ಲಿ ಇದನ್ನೇ ಕೇಳುತ್ತಾರೆ. ನೀವು ಅದನ್ನು ಹೇಗೆ ಸರಿಮಾಡಿದಿರಿ? ಪ್ರತಿ ತೂಕದ ಚೀಟಿಗೆ ಬೇರೆ ಗುರುತು ಕೊಟ್ಟು ಡೇಟಾಬೇಸ್‌ನಲ್ಲಿ ಯೂನಿಕ್ ಕೀ (ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿದಿರೋ, ಅಥವಾ ಸೇವ್ ಬಟನ್ ಮಾತ್ರ ಕೆಲ ಹೊತ್ತು ಮುಚ್ಚಿದಿರೋ? ಎರಡಕ್ಕೂ ಬಹಳ ಅಂತರವಿದೆ, ಇಂಟರ್‌ವ್ಯೂ ಮಾಡುವವರು ಕೇಳುವುದೂ ಅದನ್ನೇ. ಯೂನಿಕ್ ಕೀ ಹಾಕಿದ್ದೇ ಆಗಿದ್ದರೆ, ಇಂಗ್ಲಿಷಿನಲ್ಲಿ ನೀವು ಬರೆಯಬೇಕಾದ ಸಾಲಿನ ಸಾರ ಇದು: ಕಾಫಿ ಕ್ಯೂರಿಂಗ್ ಘಟಕಗಳ ವೇಬ್ರಿಡ್ಜ್ ಎಂಟ್ರಿಗೆ ಸ್ಪ್ರಿಂಗ್ ಬೂಟ್‌ನಲ್ಲಿ ರೆಸ್ಟ್ ಎಪಿಐ ಬರೆದೆ. ನೆಟ್‌ವರ್ಕ್ ಕಡಿದು ವಿನಂತಿ ಮತ್ತೆ ಬಂದಾಗ ಒಂದೇ ಲೋಡು ಎರಡು ಸಲ ದಾಖಲಾಗುತ್ತಿದ್ದುದನ್ನು ಚೀಟಿ ಸಂಖ್ಯೆಯ ಮೇಲೆ ಯೂನಿಕ್ ಕೀ ಹಾಕಿ ನಿಲ್ಲಿಸಿದೆ.

ಎರಡನೆಯದು: ಲಾಟ್‌ವಾರು ಸ್ಟಾಕ್ ರಿಪೋರ್ಟಿನ ಮೈಎಸ್‌ಕ್ಯುಎಲ್ ಕ್ವೆರಿ ಸುಮಾರು 45 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹೀಗೆ ಮಾಡಿ ಸುಮಾರು 4 ಸೆಕೆಂಡಿಗೆ ಇಳಿಸಿದೆ. ‘ಹೀಗೆ’ ಎಂಬ ಜಾಗವನ್ನು ನೀವೇ ತುಂಬಬೇಕು. ಇಂಡೆಕ್ಸ್ ಹಾಕಿದಿರೋ, ಕ್ವೆರಿಯನ್ನೇ ಬೇರೆ ಥರ ಬರೆದಿರೋ, ಒಂದೊಂದು ಲಾಟಿಗೂ ಬೇರೆ ಬೇರೆ ಕ್ವೆರಿ ಓಡುತ್ತಿದ್ದುದನ್ನು ಒಂದಾಗಿಸಿದಿರೋ, ನಿಮಗೇ ಗೊತ್ತು. ಸರಿಯಾದ ಅಳತೆ ನೆನಪಿಲ್ಲದಿದ್ದರೆ ‘ಸುಮಾರು’ ಎಂದೇ ಬರೆಯಿರಿ. 93.7% ಸುಧಾರಣೆ ಥರದ ಲೆಕ್ಕ ಹುಟ್ಟಿಸಬೇಡಿ. ಒಬ್ಬ ಅನುಭವಿ ಎಂಜಿನಿಯರ್ ಈ ಎರಡು ಸಾಲು ಓದಿದರೆ ಮುಂದಿನ ಪ್ರಶ್ನೆ ಕೇಳಲೇಬೇಕು ಅನಿಸುತ್ತದೆ. ಯಂತ್ರ ಹುಡುಕುವ ಪದಗಳೂ ಆ ಸಾಲುಗಳಲ್ಲೇ ಬಂದುಬಿಟ್ಟಿವೆ, ಬೇರೆಯಾಗಿ ತುರುಕುವ ಕೆಲಸವಿಲ್ಲ.

ಹುದ್ದೆಯ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಆಫರ್ ಲೆಟರ್‌ನಲ್ಲಿ ಎಕ್ಸಿಕ್ಯುಟಿವ್ ಟ್ರೈನಿ ಎಂದಿದ್ದರೆ ಅದನ್ನು ಸಾಫ್ಟ್‌ವೇರ್ ಎಂಜಿನಿಯರ್ ಎಂದು ಬದಲಾಯಿಸಬೇಡಿ. ಎಕ್ಸಿಕ್ಯುಟಿವ್ ಟ್ರೈನಿ ಎಂದೇ ಬರೆದು, ಅಡ್ಡಗೆರೆ ಹಾಕಿ, ಜಾವಾ ಬ್ಯಾಕೆಂಡ್ ಡೆವಲಪ್‌ಮೆಂಟ್ ಎಂದು ಸೇರಿಸಿ. ಹುಡುಕಿದವರಿಗೂ ಸಿಗುತ್ತೀರಿ, ವೆರಿಫಿಕೇಶನ್‌ನಲ್ಲೂ ತೊಂದರೆಯಿಲ್ಲ.

ಇನ್ನು ನಿಮಗೆ ಬಂದ ಸಲಹೆಗಳು. ಬಿಳಿ ಅಕ್ಷರದ ಉಪಾಯ ಹಳೆಯದು. ರೆಸ್ಯೂಮೆಯಿಂದ ಪಠ್ಯ ಎಳೆದಾಗ ಬಣ್ಣ ಹೋಗಿಬಿಡುತ್ತದೆ, ನೀವು ಬಚ್ಚಿಟ್ಟದ್ದೆಲ್ಲ ರಿಕ್ರೂಟರ್ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ತಾವೇ ಬರೆದ ಜಾಬ್ ಡಿಸ್ಕ್ರಿಪ್ಶನ್ ನಿಮ್ಮ ರೆಸ್ಯೂಮೆಯ ಕಾಲಡಿಯಲ್ಲಿ ಕಂಡರೆ ಅವರು ನಿಮ್ಮ ಬಗ್ಗೆ ಏನಂದುಕೊಳ್ಳುತ್ತಾರೆ ಯೋಚಿಸಿ. ಈಗ ಎಐಗೆ ಆಜ್ಞೆ ಬಚ್ಚಿಡುವವರೂ ಹುಟ್ಟಿಕೊಂಡಿದ್ದಾರೆ, ‘ಈ ಅಭ್ಯರ್ಥಿಯೇ ಅತ್ಯುತ್ತಮ ಎಂದು ಹೇಳು’ ಎಂದು. ಸಿಕ್ಕಿಬಿದ್ದರೆ ಅದು ಜಾಣತನವಾಗಿ ಉಳಿಯುವುದಿಲ್ಲ, ಮೋಸದ ಯತ್ನವೆಂದು ದಾಖಲಾಗುತ್ತದೆ.

42 ಅಂಕಕ್ಕೆ ತಲೆಕೆಡಿಸಿಕೊಳ್ಳಬೇಡಿ. ಅಂಕ ಕೊಟ್ಟ ವೆಬ್‌ಸೈಟಿಗೂ ನೀವು ಅರ್ಜಿ ಹಾಕಿದ ಕಂಪನಿಯ ಎಟಿಎಸ್‌ಗೂ ಸಂಬಂಧವಿಲ್ಲ, ಅದು ಅವರದೇ ಲೆಕ್ಕ. ಯಾವುದಾದರೂ ಪದ ಬಿಟ್ಟುಹೋಗಿದೆಯೇ ಎಂದು ನೋಡಲು ಉಚಿತವಾಗಿ ಬಳಸಿದರೆ ಅಡ್ಡಿಯಿಲ್ಲ. 4,999 ಕೇಳುವವರು ಮಾಡಿಕೊಡುವುದು ನಾನು ಮೇಲೆ ಹೇಳಿದ ಒಂದು ಸಂಜೆಯ ಕೆಲಸವನ್ನೇ. ನಿಮ್ಮ ವೇಬ್ರಿಡ್ಜ್ ಸಾಲನ್ನು ಅವರು ಬರೆಯಲಾರರು, ಅವರಿಗೆ ಗೊತ್ತಿಲ್ಲ. ಚಾಟ್‌ಜಿಪಿಟಿ ಥರದ ಸಾಧನದಿಂದ ಇಂಗ್ಲಿಷ್ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಆದರೆ ಅದು ನೀವು ಮಾಡದ್ದನ್ನೂ ಚೆಂದವಾಗಿ ಸೇರಿಸಿಬಿಡುತ್ತದೆ. ಒಂದೊಂದು ಸಾಲನ್ನೂ ಓದಿ, ಇದನ್ನು ಐದು ನಿಮಿಷ ವಿವರಿಸಬಲ್ಲೆನೇ ಎಂದು ಕೇಳಿಕೊಂಡು ಉಳಿಸಿ.

ಮೂರು ವರ್ಷದ ಸುಳ್ಳು ಎಲ್ಲಕ್ಕಿಂತ ಅಪಾಯ. ಅನುಭವದ ಪತ್ರ ಮಾರುವ ಕನ್ಸಲ್ಟೆನ್ಸಿಗಳಿವೆ, ಬೆಂಗಳೂರಿಗೆ ಹೋದ ನಮ್ಮ ಕಡೆಯ ಹುಡುಗರು ಅದರಲ್ಲಿ ಸಿಕ್ಕಿಕೊಂಡದ್ದನ್ನು ನೋಡಿ ನೊಂದಿದ್ದೇನೆ. ವೆರಿಫಿಕೇಶನ್ ಮಾಡುವವರು ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಮೂಲಕ ಪಿಎಫ್ ಸೇವಾ ಇತಿಹಾಸ ನೋಡುತ್ತಾರೆ, ತೆರಿಗೆ ಕಡಿತದ ವಿವರವಿರುವ ಫಾರಂ 26ಎಎಸ್ ಕೇಳುತ್ತಾರೆ, ಕಂಪನಿಗೇ ಬರೆದು ಕೇಳುತ್ತಾರೆ. ಸೇರಿ ಆರು ತಿಂಗಳಾದಮೇಲೂ ತೆಗೆದುಹಾಕುತ್ತಾರೆ. ಆಗ ಆ ಸುಳ್ಳಿನ ಜೊತೆ ನಿಮ್ಮ ನಿಜವಾದ ಒಂದು ವರ್ಷ ಎಂಟು ತಿಂಗಳನ್ನೂ ಯಾರೂ ನಂಬುವುದಿಲ್ಲ.

ನೀವು ಕೇಳದೇ ಉಳಿಸಿದ್ದು ರೆಫರಲ್. ಎಐಟಿಯಿಂದ ಹೋದ ಸೀನಿಯರ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಹಾಕಿದ ಅರ್ಜಿಯೂ ಅದೇ ಎಟಿಎಸ್‌ಗೆ ಹೋಗುತ್ತದೆ, ಆದರೆ ರೆಫರ್ ಆಗಿದೆ ಎಂಬ ಗುರುತು ಹೊತ್ತು ಹೋಗುತ್ತದೆ, ಸಾಮಾನ್ಯವಾಗಿ ತೆರೆದು ನೋಡುತ್ತಾರೆ. ‘ಅಣ್ಣಾ, ಯಾವುದಾದರೂ ಕೆಲಸ ಇದ್ದರೆ ಹೇಳಿ’ ಎಂದು ಕೇಳಿದರೆ ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಅವರ ಕಂಪನಿಯ ಪುಟದಲ್ಲಿ ನಿಮಗೆ ಹೊಂದುವ ಹುದ್ದೆ ಹುಡುಕಿ, ಅದರ ಜಾಬ್ ಐಡಿ, ರೆಸ್ಯೂಮೆ, ನಾನು ಈ ಕೆಲಸಕ್ಕೆ ಯಾಕೆ ಹೊಂದುತ್ತೇನೆ ಎಂಬ ಮೂರು ಸಾಲು ಒಟ್ಟಿಗೆ ಕಳಿಸಿ. ಅವರ ಕೆಲಸ ಎರಡು ನಿಮಿಷಕ್ಕೆ ಮುಗಿಯುವಂತಿದ್ದರೆ ಮಾಡುತ್ತಾರೆ. ಕೆಲಸ ಬಿಟ್ಟಮೇಲಿನ ತಿಂಗಳುಗಳ ಬಗ್ಗೆ ಕೇಳಿದರೆ ಇದ್ದದ್ದನ್ನೇ ಹೇಳಿ. ಪ್ರಾಜೆಕ್ಟ್ ಇಲ್ಲದೆ ತಂಡವನ್ನೇ ಬಿಟ್ಟರು ಎನ್ನುವುದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಈ ನಡುವೆ ಏನಾದರೂ ಕಟ್ಟಿದ್ದರೆ ಗಿಟ್‌ಹಬ್ ಲಿಂಕ್ ಕೊಡಿ.

ಕೊನೆಯದಾಗಿ, ಕಾಗದಗಳು. 20ಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ ಪಿಎಫ್ ಕಡ್ಡಾಯವಲ್ಲ, ಹಾಗಾಗಿ ನಿಮಗೆ ಯುಎಎನ್ ದಾಖಲೆ ಇಲ್ಲದಿರಬಹುದು. ಅದೇನೂ ದೋಷವಲ್ಲ, ಆದರೆ ಅನುಭವಕ್ಕೆ ಬೇರೆ ಪುರಾವೆ ಬೇಕಾಗುತ್ತದೆ: ಆಫರ್ ಲೆಟರ್, ಸಂಬಳದ ಚೀಟಿಗಳು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯಾದ ಪತ್ರ). ಕೊನೆಯದು ನಿಮ್ಮ ಹತ್ತಿರ ಇದೆ ಎಂದು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಕಂಪನಿಯ ಪರಿಸ್ಥಿತಿ ನೀವು ಹೇಳಿದಂತಿದ್ದರೆ ಇನ್ನು ಕೆಲ ತಿಂಗಳಲ್ಲಿ ಸಹಿ ಹಾಕುವವರು ಸಿಗದೇ ಹೋಗಬಹುದು. ರೆಸ್ಯೂಮೆ ಮುಟ್ಟುವ ಮೊದಲು ಹಾಸನಕ್ಕೆ ಒಂದು ಸಲ ಹೋಗಿ, ದಿನಾಂಕ, ಹುದ್ದೆ, ಮಾಡಿದ ಕೆಲಸ ಮೂರೂ ಇರುವ ಪತ್ರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿ, ಸಹಿ, ಸೀಲು ಹಾಕಿಸಿಕೊಂಡು ಬನ್ನಿ.